ಅರಿಶಿನ ಒರೆಸಿ ನೋಡಮ್ಮ

ಕುಂಬಾರಕೊಪ್ಪಲು, ಮೈಸೂರು
12 ನವೆಂಬರ್ 2024, ಮಂಗಳವಾರ ಬೆಳಗ್ಗೆ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮಂಡಿ ನೋವು ಎಷ್ಟಿದೆ? ನೀರೊಲೆ ಮುಂದೆ ಕುಕ್ಕರಗಾಲಲ್ಲಿ ಕೂತು ಕೂತು ಜಾಸ್ತಿಯೇ ಆಗಿರುತ್ತೆ, ನನಗೆ ಗೊತ್ತು. ಬಿಪಿ ಮಾತ್ರೆ ಹೋದ ವಾರವೇ ಮುಗಿದಿರಬೇಕು. ಒಂದು ತಿಂಗಳಿಗಾಗುವಷ್ಟು ಈ ಕವರಿನಲ್ಲೇ ಇಟ್ಟಿದ್ದೇನೆ, ಬೆಳಗ್ಗೆ ತಿಂಡಿಯಾದ ಮೇಲೆ ಒಂದು, ಮರೆತೆ ಅಂತ ರಾತ್ರಿ ಎರಡು ನುಂಗಬೇಡ. ಸಮನ್ವಿಯ ಸೊಂಟ ನೋವು ಕಡಿಮೆಯಾಯಿತಾ? ಅವಳಿಗೆ ಬರೀ ಮೆಣಸಿನ ಸಾರು ಹಾಕಿ ಸಾಯಿಸಬೇಡ, ಒಂದಿಷ್ಟು ತರಕಾರಿಯನ್ನೂ ಕೊಡು. ಕೂಸು ಹೇಗಿದೆ ಅಂತ ಮಾತ್ರ ನಾನು ಕೇಳುವುದಿಲ್ಲ. ಕೇಳಿದರೆ ನೀನು ಸುಳ್ಳು ಹೇಳುತ್ತೀಯ.

ನೋಡು, ಎರಡನೇ ಮಾತಿಗೇ ಜಗಳ ಶುರು ಮಾಡಿಬಿಟ್ಟೆ. ಸಿಟ್ಟು ಮಾಡಿಕೊಳ್ಳದೆ ಪೂರ್ತಿ ಓದಮ್ಮ. ನೀನು ಅಕ್ಷರ ಕೂಡಿಸಿ ಓದುವವಳು ಅಂತಲೇ ಗುಂಡಗೆ, ಬಿಡಿಸಿ ಬಿಡಿಸಿ ಬರೆದಿದ್ದೇನೆ. ಶಿವಶಂಕರ ಮಾವನ ಕೈಗೆ ಕೊಟ್ಟು ಓದಿಸಬೇಡ. ಅವರು ಜಗಲಿಯಲ್ಲಿ ನಿಂತು ಪೇಪರ್ ಓದಿದ ಹಾಗೆ ಓದುತ್ತಾರೆ, ಹುಣಸೂರಿಗೆಲ್ಲ ಗೊತ್ತಾಗುತ್ತೆ. ಫೋನಿನಲ್ಲೇ ಹೇಳೋಣ ಅಂದರೆ ನೀನು ಎತ್ತಿದರೆ ತಾನೆ? ಮಾವನಿಗೆ ಮಾಡಿದರೆ ಯಾವಾಗಲೂ ಒಂದೇ ಉತ್ತರ: "ಅಕ್ಕ ಸ್ನಾನಕ್ ಹೋಗವ್ಳೆ ಕಣಮ್ಮ." ದಿನಕ್ಕೆ ಎಷ್ಟು ಸ್ನಾನ ಮಾಡುತ್ತೀಯಮ್ಮ ನೀನು? ಬಾಣಂತಿ ಕಣ್ಣಿಗೆ ಆಗಿಬರಲ್ಲ ಅಂತ ಸಮನ್ವಿಯ ಫೋನನ್ನು ಮೊದಲ ದಿನವೇ ಟ್ರಂಕಿಗೆ ಹಾಕಿದ್ದೀಯ. ಅವಳ ಗಂಡ ವಿಜಯ್‌ಕುಮಾರ್ ಕಾರವಾರದಲ್ಲಿ ಡ್ಯೂಟಿ ಮೇಲೆ ಕೂತು "ಅತ್ತೆ ಎಲ್ಲ ನೋಡ್ಕೊತಾರೆ ಬುಡಿ ಅಕ್ಕ" ಅನ್ನುತ್ತಾನೆ. ಹೀಗಿರುವಾಗ ಕಾಗದ ಬರೆಯದೆ ಇನ್ನೇನು ಮಾಡಲಿ?

ಕೂಸು ಹುಟ್ಟಿದ ದಿನ ಆಸ್ಪತ್ರೆ ವಾರ್ಡಿನಲ್ಲಿ ಏನಾಯಿತು ಅನ್ನುವುದನ್ನು ನಾವಿಬ್ಬರೂ ಮತ್ತೆ ಬಾಯಿಗೆ ತಂದಿಲ್ಲ. ನಾನು ಕೈ ತೊಳೆದುಕೊಂಡು, ಒರೆಸಿಕೊಂಡು, ಎತ್ತಿಕೊಳ್ಳಲು ಬಗ್ಗಿದೆ. ನೀನು ಅಡ್ಡ ಬಂದು "ಆ ಕೈಲಿ ಕೂಸ್ನ ಮುಟ್ಬೇಡ ಕಣೇ" ಅಂದೆ. ನರ್ಸು ನಕ್ಕಳು. ಪಕ್ಕದ ಮಂಚದವರು ತಿರುಗಿ ನೋಡಿದರು. ನಾನು ಬಾತ್‌ರೂಮಿಗೆ ಹೋಗಿ ಅತ್ತೆ, ಅದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಆಮೇಲೆ ಕುಂಬಾರಕೊಪ್ಪಲಿನಲ್ಲಿ ಸ್ವಂತ ಮನೆ ಇಟ್ಟುಕೊಂಡು, ಬಾಣಂತಿ ತಂಗಿಯನ್ನು ಹುಣಸೂರಿಗೆ, ನಿನ್ನ ತಮ್ಮನ ಮನೆಗೆ ಕರೆದುಕೊಂಡು ಹೋದೆ. ಎದುರುಮನೆ ವಸಂತಮ್ಮ ಕೇಳಿದಾಗ, ಇಲ್ಲಿ ನೀರಿನ ತೊಂದರೆ ಅಂತ ನಾನೇ ಸುಳ್ಳು ಹೇಳಿದೆ. ನೀನು ಓಡಿಹೋದದ್ದು ನನ್ನಿಂದ ಅಂತ ನನಗೆ ಗೊತ್ತಿತ್ತು. ಏನನ್ನು ಮುಚ್ಚುವುದಕ್ಕೆ ಓಡುತ್ತಿದ್ದೀಯ ಅನ್ನುವುದು ಗೊತ್ತಿರಲಿಲ್ಲ.

ದೀಪಾವಳಿಗೆ ವಿಜಯ್ ಬಂದು ಹೋದಾಗ ಕೂಸಿನ ಫೋಟೋ ಕಳಿಸಿದ. ಮೈಯೆಲ್ಲ ಅರಿಶಿನ ಬಳಿದಿದ್ದೀಯ, ಕೆನ್ನೆ, ಹಣೆ, ಅಂಗೈ, ಅಂಗಾಲು, ಎಲ್ಲ. ಚೆಂದವಾಗಿ ಕಾಣುತ್ತಾಳೆ ಅಂತ ಖುಷಿಪಟ್ಟು ಲ್ಯಾಬಿನಲ್ಲಿ ಎಲ್ಲರಿಗೂ ತೋರಿಸಿದೆ. ಕಣ್ಣಿನ ಬಿಳಿಭಾಗ ಯಾಕೋ ಹಳದಿ ಅನ್ನಿಸಿತು. ಮಾವನಿಗೆ ಫೋನ್ ಮಾಡಿ ಕೇಳಿದರೆ, ಸ್ನಾನ ಮಾಡಿಸುವಾಗ ಅರಿಶಿನ ಕಣ್ಣಿಗೆ ಹೋಯಿತಂತೆ ಅಂತ ನಿನ್ನ ಮಾತನ್ನೇ ಒಪ್ಪಿಸಿದರು. ನಾನು ನಂಬಿದೆ. ಹನ್ನೆರಡು ವರ್ಷದಿಂದ ಲಿವರಿನ ಪಿತ್ತನಾಳಗಳ ಚಿತ್ರ ತೆಗೆಯುವವಳು ನಾನು, ಆ ಒಂದು ಮಾತನ್ನು ನಂಬಿ ಹತ್ತು ದಿನ ಹಾಯಾಗಿ ಊಟ ಮಾಡಿಕೊಂಡಿದ್ದೆ. ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು.

ಭಾನುವಾರ ಕೂಸಿಗೆ ನೀರೆರೆಯುವ ನಿಮ್ಮ ಮುದ್ದಮ್ಮ ಬಂದಿದ್ದಳು. ಬಾಣಂತಿ ಸಾಮಾನು ತರಲು ನೀನೇ ಮಂಡಿ ಮೊಹಲ್ಲಾಕ್ಕೆ ಕಳಿಸಿದ್ದೆಯಂತೆ. ಸಾಂಬ್ರಾಣಿ, ಬಜೆ, ಒಣಶುಂಠಿ, ಎಲ್ಲದರ ಜೊತೆ ಅರ್ಧ ಕೆಜಿ ಅರಿಶಿನದ ಪುಡಿ. ಬಸ್ಸಿಗೆ ಇನ್ನೂ ಹೊತ್ತಿದೆ ಅಂತ ಮನೆಗೆ ಬಂದು ಕಾಫಿ ಕುಡಿದಳು. ಚೀಲ ನೋಡಿ, ಮದುವೆ ಏನಾದರೂ ಇದೆಯಾ ಮುದ್ದಮ್ಮ, ಇಷ್ಟು ಅರಿಶಿನ ಯಾಕೆ ಅಂತ ನಾನು ತಮಾಷೆ ಮಾಡಿದೆ. ಅವಳು ನಗಲಿಲ್ಲ. ಲೋಟ ಕೆಳಗಿಟ್ಟು, "ಏಳ್ಬಾರ್ದು ಅಂತ ಆಣೆ ಆಕ್ಸವ್ರೆ ಕಣವ್ವ ನಿಮ್ಮವ್ವ. ಆದ್ರೂ ಒಟ್ಟೆ ಉರೀತದೆ. ಎರೆದು ಒರೆಸುದ್ರೂ ಆ ಕೂಸಿನ್ ಬಣ್ಣ ಓಗಕಿಲ್ಲ. ಬಟ್ಟೇಲಿ ಸುಣ್ಣದ್ ತಿಳಿ ಥರ ಬೆಳ್ಳಗೆ ಓಯ್ತದೆ. ಉಚ್ಚೆ ಕಲೆ ಎಷ್ಟ್ ಒಗುದ್ರೂ ಬುಡಕಿಲ್ಲ" ಅಂದಳು. ಅವಳ ಮೇಲೆ ರೇಗಬೇಡಮ್ಮ. ಆಣೆ ಮುರಿದದ್ದಕ್ಕೆ ಅವಳು ಅವತ್ತು ನಮ್ಮ ಮನೆಯಲ್ಲಿ ಊಟ ಕೂಡ ಮಾಡದೆ ಹೋದಳು.

ಅವಳು ಹೋದ ಮೇಲೆ ಆ ಫೋಟೋವನ್ನು ದೊಡ್ಡದು ಮಾಡಿ ಮತ್ತೆ ನೋಡಿದೆ. ನೀನು ಯಾಕೆ ಹೀಗೆ ಮಾಡುತ್ತಿದ್ದೀಯ ಅಂತ ಒಂದೇ ಸಲಕ್ಕೆ ಅರ್ಥವಾಯಿತು. ನಮ್ಮ ಲ್ಯಾಬಿನ ಅನಿಮಲ್ ಹೌಸಿನಲ್ಲಿ ನೀನು ಆರು ವರ್ಷ ಇಲಿಗಳ ಪಂಜರ ತೊಳೆದು, ಮೇವು ಹಾಕಿ, ನೀರು ಇಟ್ಟವಳು. ಆಪರೇಷನ್ ಆದ ಇಲಿಗಳನ್ನು ಬಲ್ಬಿನ ಕೆಳಗೆ ಬೆಚ್ಚಗೆ ಇಡುತ್ತಿದ್ದವಳು. ಮೂರನೇ ದಿನ "ಕಿವಿ ಹಳದಿ ತಿರುಗ್ತಾ ಇದೆ ನೋಡೇ ಹೇಮ" ಅಂತ ನನ್ನನ್ನು ಕರೆದವಳೂ ನೀನೇ, ರಕ್ತದ ರಿಪೋರ್ಟು ಬರುವುದಕ್ಕೆ ಮೊದಲೇ. ನಿನ್ನ ಕಣ್ಣಿಗೆ ಬೀಳದ್ದು ಯಾವುದಿದೆ? ಕೂಸಿನದೂ ಎಲ್ಲರಿಗಿಂತ ಮೊದಲು ನಿನಗೇ ಕಂಡಿದೆ. ಇಲಿಗಳ ಕಿವಿಯಲ್ಲಿ ಕಂಡ ಅದೇ ಹಳದಿ ಅಂತ ಗುರುತೂ ಸಿಕ್ಕಿದೆ. ಅದಕ್ಕೇ ಹೆದರಿ ಮೇಲೆ ಅರಿಶಿನ ಬಳಿದಿದ್ದೀಯ.

ಸಮನ್ವಿ ಮೂರು ತಿಂಗಳ ಬಸುರಿಯಾಗಿದ್ದಾಗ ನೀನು ಕೆಲಸ ಬಿಡುತ್ತೇನೆ ಅಂದೆ. "ಮನೇಲಿ ಬಸುರಿ ಇಟ್ಕೊಂಡು ನಾನು ಈ ಹಿಂಸೆಗೆ ಕೈ ಹಾಕಲ್ಲ" ಅಂದೆ. ಬೇಡ, ಇನ್ನೆರಡೇ ತಿಂಗಳು, ಈ ಬ್ಯಾಚು ಮುಗಿಯಲಿ, ನಿನ್ನಷ್ಟು ಚೆನ್ನಾಗಿ ಯಾರೂ ನೋಡಿಕೊಳ್ಳಲ್ಲ ಅಂತ ಗೋಗರೆದವಳು ನಾನು. ಈ ಕಾಲದಲ್ಲೂ ಇದೇನಮ್ಮ ಅಂತ ನಕ್ಕೂ ಬಿಟ್ಟೆ. ನೀನು ನನ್ನ ಮಾತಿಗೆ ಕಟ್ಟುಬಿದ್ದು ಎರಡು ತಿಂಗಳು ಬಂದೆ. ಈಗ ಕೂಸು ಹಳದಿಯಾಗಿದೆ. ಇಲಿಗಳ ಶಾಪ, ನಮ್ಮಿಬ್ಬರ ಕೈಯ ಪಾಪ, ಅದು ಕೂಸಿಗೆ ತಟ್ಟಿತು ಅಂತ ನೀನು ಒಳಗೊಳಗೇ ಬೇಯುತ್ತಿದ್ದೀಯ. ಡಾಕ್ಟರಿಗೆ ತೋರಿಸಿದರೆ ನಾಲ್ಕು ಜನಕ್ಕೆ ಗೊತ್ತಾಗುತ್ತೆ, ಬೀಗರು ಕೇಳುತ್ತಾರೆ, ಸಮನ್ವಿಗೆ ಗೊತ್ತಾದರೆ ನಮ್ಮಿಬ್ಬರ ಮುಖ ನೋಡಲ್ಲ ಅಂತ ಹೆದರಿದ್ದೀಯ. ಹೌದಾ ಅಲ್ಲವಾ? ನಿನ್ನ ಹೊಟ್ಟೆಯಲ್ಲಿ ಹುಟ್ಟಿದವಳು ನಾನು, ನನ್ನ ಹತ್ತಿರ ಮುಚ್ಚಿಡುವುದಕ್ಕೆ ಆಗುತ್ತಾ?

ಒಂದು ನಿಜ ಹೇಳುತ್ತೇನೆ, ನಗಬೇಡ. ಭಾನುವಾರ ನನಗೂ ಹಾಗೇ ಅನ್ನಿಸಿತು. ಇಷ್ಟು ಓದಿ, ಇಷ್ಟು ನೋಡಿ, ಸೋಮವಾರ ಬೆಳಗ್ಗೆ ಮಾನಿಟರ್ ಮುಂದೆ ಕೂತವಳು ಎದ್ದು ಹೋಗಿ ಎರಡೆರಡು ಸಲ ಕೈ ತೊಳೆದುಕೊಂಡು ಬಂದೆ. ನಾನು ಆ ಕೋಣೆಯಲ್ಲಿ ಏನು ಮಾಡುತ್ತೇನೆ ಅಂತ ನೀನು ಯಾವತ್ತೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಈಗ ಹೇಳುತ್ತೇನೆ ಕೇಳು. ಲಿವರು ಪಿತ್ತವನ್ನು ಮಾಡುತ್ತೆ. ಆ ಪಿತ್ತ ಕೂದಲೆಳೆಗಿಂತ ಸಣ್ಣ ನಾಳಗಳಲ್ಲಿ ಹರಿದು, ಅವೆಲ್ಲ ಒಂದಕ್ಕೊಂದು ಸೇರಿ ದಪ್ಪವಾಗುತ್ತಾ ಕೊನೆಗೆ ಕರುಳಿಗೆ ಬಂದು ಬೀಳುತ್ತೆ. ಮಲಕ್ಕೆ ಬಣ್ಣ ಬರುವುದು ಅದರಿಂದಲೇ. ನಾವು ಇಲಿಗಳಲ್ಲಿ ಆ ದಾರಿಯನ್ನು ದಾರದಿಂದ ಕಟ್ಟುತ್ತಿದ್ದೆವು. ಆಮೇಲೆ ಸತ್ತ ಇಲಿಯ ಲಿವರ್ ತೆಗೆದು, ನಾಳಗಳ ಒಳಗೆ ಹೊಳೆಯುವ ಬಣ್ಣ ತುಂಬಿಸಿ, ಉಳಿದದ್ದೆಲ್ಲ ಗಾಜಿನ ಹಾಗೆ ತಿಳಿಯಾಗುವವರೆಗೆ ದ್ರಾವಣದಲ್ಲಿ ಇಡುತ್ತೇವೆ. ಯಂತ್ರ ಅದರ ಮೂಲಕ ತೆಳುವಾದ ಬೆಳಕು ಹಾಯಿಸಿ ಪದರ ಪದರವಾಗಿ ಸಾವಿರ ಚಿತ್ರ ತೆಗೆಯುತ್ತೆ. ನಾನು ಅವನ್ನೆಲ್ಲ ಜೋಡಿಸಿದರೆ ಪರದೆಯ ಮೇಲೆ ಇಡೀ ನಾಳಗಳ ಕವಲು ಎದ್ದು ನಿಲ್ಲುತ್ತೆ, ಹಿಂದೆ ಮುಂದೆ ತಿರುಗಿಸಿ ನೋಡಬಹುದು. ಆರೋಗ್ಯವಾಗಿದ್ದರೆ ಎಲೆ ಉದುರಿದ ನುಗ್ಗೆಮರದ ಹಾಗೆ ಒಂದೊಂದು ಕವಲೂ ಬಿಡಿಬಿಡಿ. ಕಟ್ಟಿದ್ದರೆ, ದಾರಿ ಸಿಗದೆ ಸಣ್ಣ ಸಣ್ಣ ನಾಳಗಳು ಅಡ್ಡಾದಿಡ್ಡಿ ಹುಟ್ಟಿ, ಹೊಲಿಗೆ ಮಿಷನ್ನಿನ ದಾರ ಸಿಕ್ಕುಬಿದ್ದ ಹಾಗೆ ಇರುತ್ತೆ. ಅಲ್ಲಿ ಹೊರಗೆ ಹೋಗಲಾರದ ಪಿತ್ತ ರಕ್ತಕ್ಕೆ ವಾಪಸು ಬರುತ್ತೆ. ಅದೇ ಹಳದಿ.

ಹೋದ ವರ್ಷ ಆಯುಧಪೂಜೆ ದಿನ ಏನು ಮಾಡಿದ್ದೆ, ನೆನಪಿದೆಯಾ? ಯಂತ್ರಕ್ಕೆ ಹೂವಿಟ್ಟು ಸುಮ್ಮನಿರದೆ, ಒಳಗಿನ ಗಾಜಿನ ಡಬ್ಬಿಗೂ ಅರಿಶಿನ ಕುಂಕುಮ ಹಚ್ಚಿದ್ದೆ. ಅರಿಶಿನ ಆ ಬೆಳಕಿಗೆ ಸಿಕ್ಕರೆ ಹೊಳೆಯುತ್ತಮ್ಮ, ನಾಳಕ್ಕೆ ಹಾಕಿದ ಬಣ್ಣಕ್ಕಿಂತ ಜೋರಾಗಿ ಹೊಳೆಯುತ್ತೆ. ಒಂದು ವಾರ ನನಗೆ ಬರೀ ಮಂಜು ಮಂಜು, ಒಂದು ನಾಳವೂ ಕಾಣದು. ಏನೋ ಹೊಸದು ಕಂಡುಹಿಡಿದುಬಿಟ್ಟೆ ಅಂತ ನಮ್ಮ ವಾಣಿ ಮೇಡಂ ಹತ್ತಿರ ಜಂಬದಿಂದ ಹೇಳಿಕೊಂಡೂ ಬಂದಿದ್ದೆ! ಆಮೇಲೆ ಗಾಜು ಒರೆಸಿದಾಗ ಹತ್ತಿಯೆಲ್ಲ ಹಳದಿ. ಅವತ್ತು ನಕ್ಕು ನಕ್ಕು ಸುಸ್ತಾದೆವು. ಈಗ ನಗು ಬರುತ್ತಿಲ್ಲ.

ಸೋಮವಾರ ವಾಣಿ ಮೇಡಂಗೆ ಫೋಟೋ ತೋರಿಸಿ ಮುದ್ದಮ್ಮ ಹೇಳಿದ್ದನ್ನೆಲ್ಲ ಹೇಳಿದೆ. ಯಾವಾಗಲೂ ತಮಾಷೆ ಮಾಡುವ ಹೆಂಗಸು, ಕುರ್ಚಿ ಎಳೆದು ಕೂತರು. "ಎಷ್ಟು ದಿನದ ಮಗು?" ಅಂತ ಅದೊಂದನ್ನೇ ಕೇಳಿದರು. ಆಮೇಲೆ ನನ್ನೆದುರಿಗೇ ಮಕ್ಕಳ ಸರ್ಜನ್‌ಗೆ ಫೋನ್ ಮಾಡಿದರು. ಇಂದು ಮಧ್ಯಾಹ್ನ ಮೂರಕ್ಕೆ ಕರೆದುಕೊಂಡು ಬನ್ನಿ ಅಂದಿದ್ದಾರೆ. ಮೊದಲು ರಕ್ತ, ಸ್ಕ್ಯಾನಿಂಗ್ ನೋಡುತ್ತಾರಂತೆ. ಬೇರೆ ಏನೋ ಸಣ್ಣದಿದ್ದರೂ ಇರಬಹುದು, ಔಷಧಿಯಲ್ಲೇ ಹೋಗುವಂಥದ್ದೂ ಇದೆಯಂತೆ. ಆದರೆ ಕೆಲವು ಕೂಸುಗಳಿಗೆ ಪಿತ್ತನಾಳ ತಾನಾಗಿಯೇ ಮುಚ್ಚಿಹೋಗುತ್ತೆ. ಹಾಗಿದ್ದರೆ ಆಪರೇಷನ್ ಮಾಡಿ ಕರುಳನ್ನೇ ಎಳೆದು ಲಿವರಿಗೆ ಸೇರಿಸಿ ದಾರಿ ಮಾಡಿಕೊಡಬೇಕು. ಅದನ್ನು ಎರಡು ತಿಂಗಳೊಳಗೆ ಮಾಡಿದರೆ ಫಲಿಸುವ ಸಂಭವ ಜಾಸ್ತಿ, ತಡವಾದಷ್ಟೂ ಲಿವರ್ ಗಟ್ಟಿಯಾಗುತ್ತಾ ಹೋಗುತ್ತೆ. ಗಟ್ಟಿಯಾದ ಲಿವರ್ ಹೇಗಿರುತ್ತೆ ಅಂತ ನಾನು ದಿನಾ ನೋಡುತ್ತೇನೆ ಅಮ್ಮ. ನಮ್ಮ ಕೂಸಿಗೆ ಅದು ಬೇಡ. ಕೂಸಿಗೆ ಇವತ್ತಿಗೆ ನಲವತ್ತೊಂಬತ್ತು ದಿನ.

ಬಿಸಿಲಿಗೆ ಹಿಡಿದರೆ ಹೋಗುತ್ತೆ ಅಂತ ಡಾಕ್ಟರೇ ಹೇಳಿದ್ದರು ಅನ್ನುತ್ತೀಯ. ಹೇಳಿದ್ದರು, ಮೂರನೇ ದಿನ. ಹುಟ್ಟಿದ ಕೂಸುಗಳಿಗೆ ಸಾಮಾನ್ಯವಾಗಿ ಬರುವ ಕಾಮಾಲೆಗೆ ಆ ಮಾತು. ಎರಡು ವಾರ ದಾಟಿದ ಮೇಲೂ ಇದ್ದರೆ, ಮಲ ಬೆಳ್ಳಗಿದ್ದರೆ, ಅದು ಬಿಸಿಲಿಗೆ ಹೋಗುವುದಲ್ಲ. ಮಂಗಳವಾರ ಬಾಣಂತಿ ಹೊಸ್ತಿಲು ದಾಟಬಾರದು ಅನ್ನುತ್ತೀಯ. ಒಪ್ಪಿದೆ, ಬೇರೆ ಯಾವ ಮಂಗಳವಾರ ಬೇಕಾದರೂ ಪಾಲಿಸೋಣ, ಈ ಒಂದು ಬಿಟ್ಟುಬಿಡು. ಬೀಗರು ಏನಂತಾರೆ ಅನ್ನುತ್ತೀಯ. ಅವರ ಎದುರು ನಾನು ನಿಲ್ಲುತ್ತೇನೆ, ನಿನ್ನ ಹೆಸರು ಬರದ ಹಾಗೆ ನೋಡಿಕೊಳ್ಳುತ್ತೇನೆ. ಸಮನ್ವಿಗೆ ಮಾತ್ರ ನೀನೇ ಹೇಳು. ಅವಳು ಹೆತ್ತವಳು, ಬೇರೆಯವರ ಬಾಯಿಂದ ಕೇಳಬಾರದು.

ಪಾಪದ ಮಾತಿಗೆ ಬರುತ್ತೇನೆ. ಇಲಿಗಳಿಗೆ ಆದದ್ದು ನಮ್ಮ ಕೈಯಿಂದಲೇ, ಅದನ್ನು ನಾನು ಇಲ್ಲ ಅನ್ನಲ್ಲ. ಅವುಗಳ ದಾರಿಯನ್ನು ಕಟ್ಟಿದವರು ನಾವು. ನೀನಲ್ಲ, ನಾನು ಮತ್ತು ಮೇಡಂ. ಅದಕ್ಕೆ ದೇವರು ಲೆಕ್ಕ ಕೇಳಿದರೆ ನನ್ನನ್ನು ಕೇಳಲಿ. ಆದರೆ ನಮ್ಮ ಕೂಸಿನದನ್ನು ಯಾರೂ ಕಟ್ಟಿಲ್ಲಮ್ಮ. ನೀನು ಕಟ್ಟಿಲ್ಲ, ನಾನು ಕಟ್ಟಿಲ್ಲ, ಸಮನ್ವಿ ತಿಂದದ್ದು ಕುಡಿದದ್ದು ಕಟ್ಟಿಲ್ಲ. ಇಂಥ ಕೂಸುಗಳು ಎಲ್ಲ ಊರಿನಲ್ಲೂ ಹುಟ್ಟುತ್ತವೆ, ಇಲಿ ಮುಟ್ಟದವರ ಮನೆಯಲ್ಲೂ ಹುಟ್ಟುತ್ತವೆ. ನೀನು ಮಾಡಿರುವ ತಪ್ಪು ಒಂದೇ, ಕಂಡದ್ದನ್ನು ಮುಚ್ಚಿದ್ದು. ಅದನ್ನು ಈಗಲೂ ಸರಿಮಾಡಬಹುದು. ಒಂದು ಒದ್ದೆ ಬಟ್ಟೆ ತಗೊಂಡು ಕೂಸಿನ ಮುಖ ಒರೆಸು. ಬೆಳಕಿಗೆ ಕರೆದುಕೊಂಡು ಬಂದು ಕಣ್ಣು ನೋಡು. ಆಮೇಲೆ ನಿನಗೇ ಅನ್ನಿಸಿದ್ದನ್ನು ಮಾಡು.

ಈ ಕಾಗದವನ್ನು ನಮ್ಮ ಬೀದಿಯ ದೊರೆಸ್ವಾಮಿಯ ಕೈಯಲ್ಲಿ, ಅವನ ಕಾರಿನಲ್ಲೇ ಕಳಿಸುತ್ತಿದ್ದೇನೆ. ಅವನು ಬಾಗಿಲಲ್ಲಿ ನಿಂತಿರುತ್ತಾನೆ, ಬಾಡಿಗೆ ಮಾತು ಎತ್ತಬೇಡ. ಬಾಣಂತಿಗೆ ಕಿವಿಗೆ ಹತ್ತಿ ಇಡು, ತಲೆಗೆ ಸ್ಕಾರ್ಫ್ ಕಟ್ಟು, ಕೂಸಿಗೆ ಎರಡು ಜೊತೆ ಬಟ್ಟೆ, ಆಸ್ಪತ್ರೆಯ ಹಳೇ ಫೈಲು. ಕಕ್ಕ ಆದ ಒಂದು ಬಟ್ಟೆಯನ್ನು ತೊಳೆಯದೆ ಕವರಿನಲ್ಲಿ ಕಟ್ಟಿಕೊಂಡು ಬಾ, ಡಾಕ್ಟರು ನೋಡಬೇಕಂತೆ. ಮೂರಕ್ಕೆ ಮೊದಲೇ ಚೀಟಿ ಮಾಡಿಸಿ ರಕ್ತ ಕೊಡಬೇಕು, ಹನ್ನೊಂದೂವರೆಗೆ ಹೊರಟರೆ ಸಾಕು, ನಾನು ಆಸ್ಪತ್ರೆಯ ಬಾಗಿಲಲ್ಲಿ ಕಾಯುತ್ತಿರುತ್ತೇನೆ.

ಮಾವನಿಗೂ ಅತ್ತೆಗೂ ನಮಸ್ಕಾರ ತಿಳಿಸು. ಮುದ್ದಮ್ಮನಿಗೆ ಒಂದು ಸೀರೆ ನಾನು ತಂದುಕೊಡುತ್ತೇನೆ ಅಂತ ಹೇಳು. ಸಮನ್ವಿಗೆ ನನ್ನ ಮುತ್ತು. ನಿನ್ನ ಕಾಲಿಗೆ ಬೀಳುತ್ತೇನಮ್ಮ, ಬಾ.

ನಿನ್ನ ದೊಡ್ಡ ಮಗಳು,
ಹೇಮಶ್ರೀ

ತಾ.ಕ.: ಪೆನ್ಸಿಲ್‌ನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟಿದೆ. ಆಸ್ಪತ್ರೆ ಬಾಗಿಲಲ್ಲಿ ಕಾಯುತ್ತೇನೆ ಅಂತ ಬರೆದೆನಲ್ಲ, ಆಗಲಿಲ್ಲ. ದೊರೆಸ್ವಾಮಿ ಕಾರು ಸ್ಟಾರ್ಟ್ ಮಾಡಿದ್ದೇ ತಡ, ನಾನೂ ಹತ್ತಿಬಿಟ್ಟೆ. ಈಗ ನಿಮ್ಮ ಬೀದಿ ತಿರುವಿನಲ್ಲಿ, ಹಿಟ್ಟಿನ ಗಿರಣಿ ಪಕ್ಕ ಕಾರಿನೊಳಗೆ ಕೂತಿದ್ದೇನೆ. ಒಳಗೆ ಬರಲ್ಲ, ಕೂಸನ್ನು ಮುಟ್ಟಬೇಡ ಅಂದಿದ್ದೀಯ. ಕೂಸನ್ನು ನೀನೇ ಎತ್ತಿಕೊಂಡು ಬಾ, ನಾನು ಮುಂದಿನ ಸೀಟಿನಲ್ಲಿ ಕೂರುತ್ತೇನೆ, ಹಿಂದೆ ತಿರುಗಿಯೂ ನೋಡಲ್ಲ. ಹನ್ನೆರಡು ಹೊಡೆಯುವವರೆಗೆ ಕಾಯುತ್ತೇನೆ. ಅಷ್ಟರಲ್ಲಿ ನೀನು ಬರದಿದ್ದರೆ ನಿನ್ನ ಮಾತು ಮೀರುತ್ತೇನಮ್ಮ, ಬೀದಿಯವರು ನೋಡಿದರೂ ಸರಿ, ನೀನು ಜನ್ಮದಲ್ಲಿ ಮಾತಾಡದಿದ್ದರೂ ಸರಿ. ಬಾಗಿಲು ತಳ್ಳಿಕೊಂಡು ಒಳಗೆ ಬಂದು ಇದೇ ಕೈಯಲ್ಲಿ ಕೂಸನ್ನು ಎತ್ತಿಕೊಂಡು ಹೋಗುತ್ತೇನೆ.